ಸೊಲ್ಲಾಪುರ ರಸ್ತೆಯ ರೊಟ್ಟಿ

ಆ ಕಟ್ಟಿಗೆ ಒಂದಿಷ್ಟು ಒಳಗೆ ತಳ್ಳಿ, ಹೇಳುತ್ತೇನೆ. 2020ರ ಈಸ್ಟರ್ ಬಂದದ್ದು ಏಪ್ರಿಲ್ 12ಕ್ಕೆ, ಲಾಕ್‌ಡೌನಿನ ಮೂರನೆಯ ವಾರ. ಪುಣೆಯ ಮಗರಪಟ್ಟಾದ ಫ್ಲ್ಯಾಟಿನಲ್ಲಿ ಇಸ್ತ್ರಿ ಬಟ್ಟೆ ಹಾಕಿಕೊಂಡು, ಲ್ಯಾಪ್‌ಟಾಪ್ ಮುಂದೆ ಊರ ಸಭೆಯ ಆರಾಧನೆಗೆ ಕೂತಿದ್ದೆವು. ಕ್ರಿಸ್ತನು ಎದ್ದಿದ್ದಾನೆ ಅನ್ನುವಷ್ಟರಲ್ಲಿ ನೆಟ್ ನಿಂತು, ಅಯ್ಯನವರ ಬಾಯಿ ತೆರೆದಂತೆಯೇ ಉಳಿಯಿತು. ಮಗಳು ಕಿಸಕ್ಕನೆ ನಕ್ಕಳು. ನನಗೂ ನಗು ತಡೆಯಲಿಲ್ಲ.

ಮಧ್ಯಾಹ್ನ ಊಟ ಹಂಚುವವರ ಫೋನ್ ಬಂತು. ಮುಂಢ್ವಾ ಕಡೆ ಶೆಡ್ಡುಗಳಲ್ಲಿ ಕೂಲಿಯವರಿದ್ದಾರೆ, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು, ಒಬ್ಬರು ಬನ್ನಿ ಅಂದರು. ಪಾಸ್ ಇದ್ದ ವ್ಯಾನ್ ಹತ್ತಿದೆ.

ಮಗರಪಟ್ಟಾ ಗೊತ್ತಲ್ಲ, ಮಗರ ಮನೆತನದ ರೈತರು ಹೊಲ ಮಾರದೆ, 400 ಎಕರೆ ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಎಬ್ಬಿಸಿದ ಊರು. ರೈತ ಗೆದ್ದ ಅಪರೂಪದ ಕಥೆ ಅದು. ಶೆಡ್ಡಿನಲ್ಲಿದ್ದವರೂ ರೈತರೇ, ಯಾದಗಿರಿ ಕಡೆಯವರು. ಕೆಲಸ ನಿಂತಿತ್ತು, ಮೇಸ್ತ್ರಿ ಫೋನ್ ಎತ್ತುತ್ತಿರಲಿಲ್ಲ.

“ಸೊಲ್ಲಾಪುರ ರೋಡ್ ಹಿಡದು ರಾತ್ರಿ ನಡಕೊಂತ ಹೊಂಟ್ರ ಪೊಲೀಸ್ರು ಬಿಡ್ತಾರೇನ್ರಿ?” ಒಬ್ಬ ಹುಡುಗ ಕೇಳಿದ. ಏನು ಹೇಳಲಿ? ಚಿಕ್ಕ ಮಕ್ಕಳಿದ್ದಾರೆ, ಸ್ವಲ್ಪ ತಡೀರಿ ಅಂದೆ. ಹೊಟ್ಟೆ ತುಂಬಿದವನ ಬುದ್ಧಿಮಾತು.

ಇವತ್ತು ನಮ್ಮ ಹಬ್ಬ ಅಂತ ಮಾತಿನ ನಡುವೆ ಬಾಯಿಬಿಟ್ಟಿದ್ದೆ. ಹೊರಡುವಾಗ ಅಜ್ಜಿಯೊಬ್ಬಳು ಅಡ್ಡ ನಿಂತಳು. “ಹಬ್ಬದ ದಿನ ಬಂದೀರಿ, ಹಂಗ ಹೋಗಬ್ಯಾಡ್ರಿ.” ಹಿಟ್ಟಿನ ಡಬ್ಬಿ ತಳ ಕಂಡಿತ್ತು. ಆದರೂ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಾಕಿ, ಅರ್ಧ ನನ್ನ ಕೈಗಿಟ್ಟಳು. ಮಾಸ್ಕ್ ತೆಗೆಯಲು ಹೆದರಿಕೆ, ಬೇಡ ಅನ್ನಲು ನಾಚಿಕೆ. ತಿಂದೆ.

ವ್ಯಾನಿನಲ್ಲಿ ಬರುವಾಗ ಲೂಕನ ಕೊನೆಯ ಅಧ್ಯಾಯ ತಲೆಯಲ್ಲಿ ಸುತ್ತುತ್ತಿತ್ತು. ಎಲ್ಲ ಮುಗಿಯಿತೆಂದು ಯೆರೂಸಲೇಮ್ ಬಿಟ್ಟು ಎಮ್ಮಾಹುವಿಗೆ ಹೊರಟ ಇಬ್ಬರು ಶಿಷ್ಯರು. ದಾರಿಯಲ್ಲಿ ಜೊತೆಯಾದವನು ಉದ್ದಕ್ಕೂ ಶಾಸ್ತ್ರ ಬಿಡಿಸಿ ಹೇಳಿದರೂ ಇವರಿಗೆ ಗುರುತು ಹತ್ತಲಿಲ್ಲ. ಊಟಕ್ಕೆ ಕೂತಾಗ, ಕರೆಸಿಕೊಂಡು ಬಂದ ಅತಿಥಿಯೇ ಮನೆಯೊಡೆಯನಂತೆ ರೊಟ್ಟಿ ಮುರಿದು ಕೊಟ್ಟ. ಆಗ ಗುರುತಾಯಿತು. ಅದೇ ಅಧ್ಯಾಯದಲ್ಲಿ ಮುಂದೆ ತಿನ್ನಲು ಏನಿದೆಯೆಂದು ಕೇಳಿ ಸುಟ್ಟ ಮೀನು ತಿನ್ನುತ್ತಾನೆ. ಯೋಹಾನನಲ್ಲಂತೂ ಕೆಂಡ ಮಾಡಿ ಶಿಷ್ಯರಿಗೆ ತಾನೇ ಉಣಬಡಿಸುತ್ತಾನೆ. ಪುನರುತ್ಥಾನವೆಂದರೆ ಸತ್ತ ಮೇಲಿನ ಭರವಸೆ ಅಂತಲೇ ಸಂಡೇ ಸ್ಕೂಲಿನಿಂದ ನಾನು ಬೆಳೆದವನು. ಅದು ಸುಳ್ಳಲ್ಲ. ಆದರೆ ಸಮಾಧಿಯಿಂದ ಎದ್ದು ಬಂದದ್ದು ಗಾಯವಿದ್ದ, ಉಂಡು ಉಣಿಸುವ ಮೈ. ಆ ಮೈಯನ್ನು ನಂಬಿದವರಿಗೆ ಇನ್ನೊಬ್ಬರ ಹಸಿವು ಧರ್ಮದ ಹೊರಗಿನ ವಿಷಯವಾಗುವುದು ಹೇಗೆ? ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ ತೆಗೆದು ನೋಡಿ. 15ನೇ ಅಧ್ಯಾಯ ಪೂರ್ತಿ ಪುನರುತ್ಥಾನ. 16 ಶುರುವಾಗುವುದೇ ಯೆರೂಸಲೇಮಿನವರಿಗೆ ಹಣ ಕೂಡಿಸುವ ಮಾತಿನಿಂದ. ಈಸ್ಟರ್ ಪ್ರಸಂಗಗಳು ಮಾತ್ರ ಸಾಮಾನ್ಯವಾಗಿ 15ಕ್ಕೇ ನಿಲ್ಲುತ್ತವೆ.

ಹಾಗೆ ನಿಲ್ಲದವರೂ ಇದ್ದರು. ಸೊಲ್ಲಾಪುರದ ದಿಕ್ಕಿಗೇ ಕೇಡಗಾಂವ್ ಇದೆ. 1858ರಲ್ಲಿ ನಮ್ಮ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, 1896-97ರ ಬರದಲ್ಲಿ ಅನಾಥರಾದ ಹುಡುಗಿಯರನ್ನು ಕರೆತಂದು ಸಾಕಿದ್ದು ಅಲ್ಲಿಯೇ. ಬೈಬಲ್ಲನ್ನು ಮೂಲ ಭಾಷೆಗಳಿಂದ ಮರಾಠಿಗೆ ತಂದ ಪಂಡಿತೆ ಆಕೆ; ನೂರಾರು ಜನರಿಗೆ ಹಿಟ್ಟು ಹೊಂದಿಸುವ ಕೆಲಸವೂ ಆಕೆಯದೇ ಆಗಿತ್ತು.

ನಾವು ಮುಂದಿನ ವಾರಗಳಲ್ಲಿ ಶೆಡ್ಡುಗಳಿಗೆ ಜೋಳದ ಹಿಟ್ಟೇ ಒಯ್ದೆವು. ಪೊಟ್ಟಣದ ಪಲಾವ್ ಅವರಿಗೆ ಒಗ್ಗಿರಲಿಲ್ಲ. ಮೇ ತಿಂಗಳಲ್ಲಿ ಅವರು ಊರು ಸೇರಿದರು. ದೀಪಾವಳಿ ಕಳೆದ ಮೇಲೆ ಆ ಹುಡುಗನ ಫೋನ್ ಬಂತು. ತೊಗರಿ ಮಳೆಗೆ ಹಾಳಾಗಿತ್ತಂತೆ.

“ಪುಣೇದಾಗ ಕೆಲಸ ಚಾಲೂ ಆಗ್ಯಾವೇನ್ರಿ?”