ತಡವಾಗಿ ಬಂದ ಕಿಂದರಿಜೋಗಿ

ಮಕ್ಕಳ ಪುಸ್ತಕವನ್ನು ಮಕ್ಕಳಾಗಿದ್ದಾಗಲೇ ಓದಬೇಕೆಂಬುದು ಲೋಕರೂಢಿ. ಆ ಭಾಗ್ಯ ನನಗಿರಲಿಲ್ಲ. ಸಿದ್ದಾಪುರ ತಾಲೂಕಿನ ಅಡಿಕೆ ತೋಟವೊಂದರ ಅಂಚಿನ ಮನೆಯಲ್ಲಿ ಬೆಳೆದ ನನಗೆ ಪುಸ್ತಕವೆಂದರೆ ಪಠ್ಯಪುಸ್ತಕ, ಪಂಚಾಂಗ ಮತ್ತು ಯಕ್ಷಗಾನದ ಪ್ರಸಂಗಗಳು. ತಾಳಮದ್ದಳೆಯಲ್ಲಿ ಕರ್ಣನ ಅವಸಾನವನ್ನು ಕೇಳಿ ಅತ್ತಿದ್ದೆನೇ ಹೊರತು ಇಲಿಗಳ ಕಥೆಯನ್ನು ಓದಿ ನಕ್ಕವನಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬಂದಾಗ ಪೀಪಿ, ಬಲೂನು ಕೊಳ್ಳುತ್ತಿದ್ದೆವು. ಪುಸ್ತಕವನ್ನೂ ಕೊಳ್ಳಬಹುದೆಂಬುದು ಯಾರಿಗೂ ಹೊಳೆಯಲಿಲ್ಲ. ಯಲ್ಲಾಪುರದ ಕಡೆಯ ಸಹಪಾಠಿಯೊಬ್ಬನ ಶಾಲೆಯಲ್ಲಿ ಕಥೆಪುಸ್ತಕಗಳೇನೋ ಇದ್ದುವಂತೆ; ಹರಿದಾವೆಂಬ ಭಯದಿಂದ ಪೆಟ್ಟಿಗೆಯಲ್ಲಿಯೇ ಭದ್ರವಾಗಿದ್ದುವಂತೆ!

ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ನಮ್ಮ ಕಾಲೇಜಿನ ಗ್ರಂಥಾಲಯದ ಕೆಳಗಿನ ಕಪಾಟಿನ ಮುಂದೆ ಕುಳಿತು, ನಾನು ಬಾಲ್ಯವನ್ನು ಓದತೊಡಗಿದೆ. ಪಂಜೆ ಮಂಗೇಶರಾಯರು (1874–1937), ಜಿ. ಪಿ. ರಾಜರತ್ನಂ, ನಮ್ಮ ಜಿಲ್ಲೆಯವರೇ ಆದ ದಿನಕರ ದೇಸಾಯಿ (1909–1982) ಒಬ್ಬೊಬ್ಬರಾಗಿ ಪರಿಚಿತರಾದರು. ಶಿವರಾಮ ಕಾರಂತರು 1936ರಲ್ಲಿಯೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರೆಂದು ತಿಳಿದಾಗ ಬೆರಗಾದೆ. ಗೆಳೆಯರು ಮಾತ್ರ, “ಬಿ.ಎ. ಮುಗಿಸಿ ಅಂಗನವಾಡಿಗೆ ಸೇರುವೆಯೇನೋ?” ಎಂದು ನಕ್ಕರು.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಆಂಗ್ಲಕವಿ ಬ್ರೌನಿಂಗನ 1842ರ ಕವನವನ್ನು ಆಧರಿಸಿದ್ದು. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ಇಲ್ಲಿ ತುಂಗೆಯ ದಡದ ಹಳ್ಳಿಯಾಗಿದೆ. ಎಳೆಯರು ಇಲಿಗಳ ಹಿಂಡನ್ನು ಕಂಡು ಕುಣಿಯುವರು. ನಾನು ತಡೆದು ನಿಂತದ್ದು ಬೇರೆಡೆ. ಮಾತಿಗೆ ತಪ್ಪಿದವರು ಹಿರಿಯರು. ದಂಡ ತೆತ್ತವರು ಮಕ್ಕಳು. ಎಲ್ಲರೂ ಜೋಗಿಯ ಹಿಂದೆ ಹೋದಾಗ ಕುಂಟ ಹುಡುಗನೊಬ್ಬ ಹಿಂದುಳಿಯುತ್ತಾನೆ.

ಅವನಲ್ಲಿ ನಾನು ನನ್ನ ಅಕ್ಕನನ್ನು ಕಂಡೆ. ಹುಟ್ಟಿನಿಂದಲೇ ಅವಳ ಒಂದು ಕಾಲಿಗೆ ಬಲ ಸಾಲದು. ಶಾಲೆಗೆ ಹೋಗಲು ಹಳ್ಳದ ಸಂಕ ದಾಟಬೇಕು. ಅಲ್ಲಿ ಸೇತುವೆಯಾಗುವುದೆಂದು ಪ್ರತಿ ಬೇಸಿಗೆಯಲ್ಲೂ ಹಿರಿಯರು ಮಾತು ಕೊಡುವರು. ಪ್ರತಿ ಮಳೆಗಾಲದಲ್ಲೂ ಹಳ್ಳವು ಸಂಕವನ್ನೂ ಆ ಮಾತನ್ನೂ ಕೊಚ್ಚಿಕೊಂಡು ಹೋಗುವುದು. ನಾಲ್ಕನೆಯ ತರಗತಿಗೆ ಅವಳ ಓದು ನಿಂತಿತು. ನಾವು ಉಳಿದವರು ದಾಟಿ ಹೋದೆವು.

ಒಂದು ಶನಿವಾರ ಪುಸ್ತಕವನ್ನು ಮನೆಗೆ ಒಯ್ದು, ಅಡಿಕೆ ಸುಲಿಯುತ್ತಿದ್ದ ಅಕ್ಕನ ಪಕ್ಕದಲ್ಲಿ ಕುಳಿತು ಓದಿದೆ. ಇಲಿಗಳು ಬಂದಾಗ ಅವಳು ಬಿದ್ದು ಬಿದ್ದು ನಕ್ಕಳು. ಕುಂಟ ಹುಡುಗ ಬಂದಾಗ ನನ್ನ ದನಿ ತಾನಾಗಿ ತಗ್ಗಿತು. ಅಕ್ಕ ಕೈಯ ಕೆಲಸ ನಿಲ್ಲಿಸಿ ಕೇಳಿದಳು:

“ಅಲ್ದೋ ತಮಾ, ಅವನೂ ಹೋಗಿಬಿಟ್ಟಿದ್ದರೆ ಉಳಿದವರು ಎಲ್ಲಿಗೆ ಹೋದರೆಂದು ಹೇಳುವವರು ಯಾರಿದ್ದರು?”

ನಾನು ಮರುಕಪಟ್ಟಿದ್ದ ಹುಡುಗನಿಗೆ ಅಕ್ಕ ಒಂದು ಕೆಲಸವನ್ನು ಕೊಟ್ಟಿದ್ದಳು. ಮುಂದಿನ ವಾರ ಹೋದಾಗ, ಸುಲಿಯಲು ಬಂದವರ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಅಕ್ಷರಕ್ಕೆ ಬೆರಳಿಟ್ಟು ಅವಳೇ ಓದುತ್ತಿದ್ದಳು. ಗ್ರಂಥಾಲಯದ ಪ್ರತಿಯನ್ನು ಹಿಂದಿರುಗಿಸಿ, ಅವಳಿಗೆ ಸ್ವಂತದ್ದೊಂದನ್ನು ಕೊಂಡುಕೊಟ್ಟೆ.

ಸಹಪಾಠಿಗಳಲ್ಲಿ ಒಂದು ಬಿನ್ನಹ. ಊರಿಗೆ ಹೋಗುವಾಗ ಮಕ್ಕಳ ಪುಸ್ತಕವೊಂದನ್ನು ಚೀಲದಲ್ಲಿಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ಭದ್ರವಾಗಿರುವ ಪುಸ್ತಕಕ್ಕಿಂತ ಕೈಯಿಂದ ಕೈಗೆ ಸವೆದು ಹರಿದ ಪುಸ್ತಕವೇ ಮೇಲು.