ಬೆಳಗಾಗುವ ತನಕ ಹಾಡುವವರು

ಹಾಡು ಕೇಳುವವರಲ್ಲಿ ಎರಡು ಬಗೆ. ತಮಗೆ ಗೊತ್ತಿರುವ ಹಾಡನ್ನು ಗೊತ್ತಿರುವ ರೀತಿಯಲ್ಲೇ ಮತ್ತೆ ಕೇಳಬಯಸುವವರು ಮೊದಲನೆಯವರು. ಗೊತ್ತಿರುವ ಹಾಡು ಇಂದು ಯಾವ ದಾರಿ ಹಿಡಿಯುವುದೋ ಎಂದು ಕಾದು ಕೂರುವವರು ಎರಡನೆಯವರು. ನೀಲಗಾರರ ಮೇಳದ ಮಟ್ಟಿಗೆ ನಾನು ಎರಡನೆಯ ಗುಂಪಿನವನು. ಚಾಮರಾಜನಗರ, ಗುಂಡ್ಲುಪೇಟೆಯ ಸೀಮೆಯಲ್ಲಿ ಹಲವು ವರ್ಷ ಬಾಳಿದ ಮೇಲೆ ನನಗೆ ಅಂಟಿಕೊಂಡ ರುಚಿ ಇದು. ‘ಸ್ವಾಮಿಗಳು ತಂಬೂರಿಯವರ ಕತೆ ಕೇಳಲು ಹೋಗಿದ್ದಾರೆ’ ಎಂದು ನಮ್ಮ ಜನರೇ ನಗುತ್ತಾ ಹೇಳಿಕೊಳ್ಳುವುದುಂಟು. ಆ ನಗುವಿಗೆ ಉತ್ತರವಾಗಿ, ನಾನು ಕೇಳಿದ ಒಂದು ರಾತ್ರಿಯ ಹಾಡುಗಾರಿಕೆ ಹೇಗಿತ್ತೆಂಬುದನ್ನು ನಿಮ್ಮ ಮುಂದಿಡುತ್ತೇನೆ.

ನೀಲಗಾರರು ಮಂಟೇಸ್ವಾಮಿಯ ಪರಂಪರೆಯಲ್ಲಿ ದೀಕ್ಷೆ ಪಡೆದ ಗಾಯಕರು. ಅವರಲ್ಲಿ ಹೆಚ್ಚಿನವರು ದಲಿತ ಸಮುದಾಯದವರು. ಹಗಲು ಕೂಲಿಯೋ ಬೇಸಾಯವೋ ಮಾಡಿ ಇರುಳು ಹಾಡುವವರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿ, ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಅವರ ಮುಖ್ಯ ಕ್ಷೇತ್ರಗಳು. ಮುಖ್ಯ ಗಾಯಕನ ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಸಂಗಡಿಗರ ಬಳಿ ದಿಮ್ಮಡಿ ಮತ್ತು ತಾಳ. ಮುಖ್ಯ ಗಾಯಕ ಎತ್ತಿಕೊಟ್ಟ ಸೊಲ್ಲನ್ನು ಸಂಗಡಿಗರು ಹಿಡಿದು ತಿರುಗಿಸಿ ಕೊಡುತ್ತಾರೆ. ಹಾಡಿನ ನಡುವೆ ಮಾತು, ಮಾತಿನ ನಡುವೆ ಹಾಡು. ಕತೆ ‘ಸಾಲು’ಗಳಾಗಿ ಹಂಚಿಕೊಂಡಿದೆ, ಒಂದು ರಾತ್ರಿಗೆ ಒಂದೋ ಎರಡೋ ಸಾಲು. ಯಾವ ಸಾಲನ್ನು ಎಷ್ಟು ಹೊತ್ತು ಹಾಡಬೇಕೆಂಬುದು ಎಲ್ಲಿಯೂ ಬರೆದಿಟ್ಟದ್ದಲ್ಲ. ಅದನ್ನು ಅಂದಿನ ಅಂಗಳವೇ ತೀರ್ಮಾನಿಸುತ್ತದೆ.

ನಮ್ಮ ಸೀಮೆಯ ಇನ್ನೊಂದು ಮಹಾಕಾವ್ಯವಾದ ಮಲೆ ಮಾದೇಶ್ವರನ ಕತೆಯೂ ಹೀಗೆಯೇ ಬೆಳೆದದ್ದು. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದವರು ಹಾಡಿದ ಆ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಗ್ರಂಥದ ಹೆಸರಿನೊಂದಿಗೇ ಹಾಡಿದವರ ಹೆಸರನ್ನೂ ಅಚ್ಚು ಮಾಡಿದ್ದು ಎಷ್ಟು ನ್ಯಾಯವಾದ ಕೆಲಸ! ಇನ್ನೊಂದು ಮೇಳ ಹಾಡಿದ್ದರೆ ಪುಸ್ತಕವೇ ಬೇರೆಯಾಗುತ್ತಿತ್ತು.

ಇದು ಹಳ್ಳಿಯ ಜನರ ವಿಚಿತ್ರ ಅಭಿರುಚಿ ಎಂದು ಯಾರೂ ಭಾವಿಸಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಲ್ಲಿ ಹುಟ್ಟಿ 1995ರವರೆಗೆ ನಡೆದ ‘ಗ್ರೇಟ್‌ಫುಲ್ ಡೆಡ್’ ಎಂಬ ವಾದ್ಯಮೇಳವೂ ಇದೇ ಜಾತಿಯದು. ಇಂಥವನ್ನು ಅಲ್ಲಿ ಜಾಮ್ ಬ್ಯಾಂಡ್ ಎನ್ನುತ್ತಾರೆ. ಅವರು ಒಂದು ಸಂಜೆ ನುಡಿಸಿದಂತೆ ಮತ್ತೊಂದು ಸಂಜೆ ನುಡಿಸುತ್ತಿರಲಿಲ್ಲ. ಹಾಡುಗಳ ಆಯ್ಕೆ, ಕ್ರಮ, ಉದ್ದ ಎಲ್ಲವೂ ಬದಲಾಗುತ್ತಿದ್ದವು. ಕೇಳುಗರು ಊರಿಂದೂರಿಗೆ ಅವರನ್ನು ಹಿಂಬಾಲಿಸುತ್ತಿದ್ದರು. ಧ್ವನಿಮುದ್ರಿಸಿಕೊಳ್ಳುವವರಿಗೆಂದೇ 1984ರಿಂದ ಪ್ರತ್ಯೇಕ ಜಾಗವನ್ನೂ ಬಿಟ್ಟುಕೊಡಲಾಯಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಅವರು ನುಡಿಸಿದ್ದು ಎಲ್ಲಕ್ಕಿಂತ ಶ್ರೇಷ್ಠವೋ ಅಲ್ಲವೋ ಎಂದು ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ನಮ್ಮ ಊರುಗಳಲ್ಲಿ ಹಿರಿಯರು ‘ಆ ವರ್ಷ ಆ ಮನೆಯಲ್ಲಿ ಹಾಡಿದ ಹಾಗೆ ಮತ್ತೆ ಹಾಡಲಿಲ್ಲ’ ಎಂದು ನೆನೆಯುವುದೂ ಇಂಥದೇ ಅಲ್ಲವೇ?

ಈಗ ನನ್ನ ರಾತ್ರಿಯ ವಿಚಾರ. ಅದೇ ಮೇಳವನ್ನು ನಾನು ಮೊದಲು ಕೇಳಿದ್ದು ಚಾಮರಾಜನಗರದ ಒಂದು ಸಭಾಂಗಣದಲ್ಲಿ. ಅವರಿಗೆ ಸಿಕ್ಕಿದ ಅವಧಿ ಇಪ್ಪತ್ತು ನಿಮಿಷ. ಜನಪ್ರಿಯವಾದ ನಾಲ್ಕು ಸ್ತುತಿಗಳನ್ನು ಚೊಕ್ಕವಾಗಿ ಹಾಡಿದರು. ಶ್ರುತಿ ತಪ್ಪಲಿಲ್ಲ, ತಾಳ ಜಾರಲಿಲ್ಲ. ಚಪ್ಪಾಳೆಯೂ ಬಂತು. ಆದರೆ ಮುಖ್ಯ ಗಾಯಕರ ಕಣ್ಣು ಹಾಡಿನಲ್ಲಿರದೆ, ಪಕ್ಕದಲ್ಲಿ ಗಡಿಯಾರ ನೋಡುತ್ತಾ ನಿಂತಿದ್ದವರ ಮೇಲಿತ್ತು. ಕತೆ ಆರಂಭವಾಗುವ ಮೊದಲೇ ಮೇಳ ವೇದಿಕೆಯಿಂದ ಇಳಿಯಿತು.

ಕೆಲವು ವಾರಗಳ ನಂತರ ಅದೇ ನಾಲ್ವರನ್ನು ಗುಂಡ್ಲುಪೇಟೆಯ ಸಮೀಪದ ಒಂದು ಹಳ್ಳಿಯಲ್ಲಿ ಕೇಳಿದೆ. ಆ ಮನೆಯ ಹಿರಿಯ ತಾಯಿ ತೀರಿಕೊಂಡಿದ್ದರು. ತಿಥಿಯ ರಾತ್ರಿ ಕತೆ ಮಾಡಿಸಿದ್ದರು. ಸಾವಿನ ಮನೆಯಲ್ಲಿ ಜಪಸರ ಹಿಡಿದು ರಾತ್ರಿಯಿಡೀ ಕೂರುವ ನಮಗೆ ಜಾಗರಣೆ ಹೊಸದಲ್ಲ. ಅಂಗಳದಲ್ಲಿ ಚಾಪೆ ಹಾಸಿ ನನಗೂ ಜಾಗ ಮಾಡಿಕೊಟ್ಟರು.

ಮೊದಲ ಒಂದು ಗಂಟೆ ಸಾಧಾರಣವಾಗಿತ್ತು ಎಂದೇ ಹೇಳಬೇಕು. ದಿಮ್ಮಡಿ ನುಡಿಸುವ ಯುವಕ ಉತ್ಸಾಹದಲ್ಲಿ ಮುಂದೆ ಮುಂದೆ ಓಡುತ್ತಿದ್ದ. ಹಿರಿಯರು ಅವನನ್ನು ಗದರಿಸಲಿಲ್ಲ, ತಿರುಗಿ ನೋಡಲೂ ಇಲ್ಲ. ತಂಬೂರಿಯ ಮೀಟನ್ನು ನಿಧಾನಿಸಿ, ಸೊಲ್ಲಿನ ಕೊನೆಯನ್ನು ಎಳೆದು, ಅವನು ತಾನಾಗಿಯೇ ಹಿಂದಕ್ಕೆ ಬಂದು ಸೇರುವವರೆಗೆ ಕಾದರು. ಹೆಚ್ಚಿನವರು ಅದನ್ನು ಗಮನಿಸಿರಲಾರರು. ನನ್ನ ದೃಷ್ಟಿಯಲ್ಲಿ ಅದು ಆ ರಾತ್ರಿಯ ಮೊದಲ ಉತ್ತಮ ಘಳಿಗೆ.

ಹನ್ನೊಂದರ ಸುಮಾರಿಗೆ ಆ ಮನೆಯ ಹಿರಿಯ ಮಗ ಕೆಂಪಾಚಾರಿಯ ಸಾಲನ್ನು ಹಾಡಿರೆಂದು ಕೇಳಿಕೊಂಡ. ಮಂಟೇಸ್ವಾಮಿ ನಿಡುಘಟ್ಟದ ಆಚಾರಿಗಳ ಮನೆಗೆ ಬಂದು, ಅವರ ಮಗ ಕೆಂಪಾಚಾರಿಯನ್ನು ಶಿಶುಮಗನನ್ನಾಗಿ ಕೇಳುವ ಕತೆ ಅದು. ಮನೆಯವರು ಒಪ್ಪುವುದಿಲ್ಲ. ಮುಂದೆ ಆ ಹುಡುಗನೇ ಸಿದ್ಧಪ್ಪಾಜಿಯಾಗುತ್ತಾನೆ ಎಂಬುದು ಕೇಳುಗರಿಗೆಲ್ಲ ಗೊತ್ತು. ತಾಯಿಗೆ ಮಾತ್ರ ಗೊತ್ತಿಲ್ಲ. ಅವಳಿಗೆ ಕಾಣುವುದು ಮನೆಯಿಂದ ಹೊರಟು ಹೋಗುವ ಮಗ ಮಾತ್ರ.

ಆ ತಾಯಿಯ ಭಾಗ ಕಾಲು ಗಂಟೆಯಲ್ಲಿ ಮುಗಿಯಬಹುದಾದದ್ದು. ಅಂದು ಅದು ಒಂದು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಮುಂದೆ ಕುಳಿತಿದ್ದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಗಾಯಕರು ಕಂಡರು. ಕತೆಯನ್ನು ಮುಂದಕ್ಕೆ ಒಯ್ಯದೆ ಅಲ್ಲಿಯೇ ನಿಂತರು. ನಿಡುಘಟ್ಟದ ಮನೆಯೊಳಗೆ ಈ ಮನೆಯ ಒರಳು, ಈ ಮನೆಯ ಕೊಟ್ಟಿಗೆ, ಹಿತ್ತಿಲಿನ ಹುಣಸೆ ಮರ ಒಂದೊಂದಾಗಿ ಬಂದು ಸೇರಿಕೊಂಡವು. ಇನ್ನು ಮೇಲೆ ಅವನಿಗೆ ಎಣ್ಣೆ ಹಚ್ಚಿ ನೀರೆರೆಯುವವರು ಯಾರೆಂದು ತಾಯಿ ಕೇಳುತ್ತಾಳೆ; ಆ ಕೊನೆಯ ಪದವನ್ನು ತಾಳದವರು ಹಿಡಿದು ಮೇಲಿನ ಸ್ವರದಲ್ಲಿ ಮರಳಿಸುತ್ತಾರೆ; ಅದನ್ನು ಕೇಳಿ ಗಾಯಕರಿಗೆ ಇನ್ನೊಂದು ಪ್ರಶ್ನೆ ಹೊಳೆಯುತ್ತದೆ. ಮನೆಯ ಹಿರಿಯ ಮಗಳು ತಡೆಯಲಾರದೆ ಗಟ್ಟಿಯಾಗಿ ಅತ್ತಾಗ ಅವರು ಹಾಡನ್ನೇ ನಿಲ್ಲಿಸಿದರು. ತಂಬೂರಿ ಮಾತ್ರ ಮಿಡಿಯುತ್ತಿತ್ತು. ಆಮೇಲೆ ಆಚಾರಿಗಳ ಕುಲುಮೆಯ ಬಗ್ಗೆ ಒಂದು ತಮಾಷೆಯ ಮಾತಾಡಿದರು. ಕಣ್ಣೀರು ಆರುವ ಮೊದಲೇ ಅಂಗಳ ನಕ್ಕಿತು.

ಈ ಸಾಲು ನನ್ನನ್ನು ತಟ್ಟುವುದಕ್ಕೆ ಬೇರೊಂದು ಕಾರಣವೂ ಉಂಟು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸೆಮಿನರಿಗೆ ಹೊರಟ ಮುನ್ನಾದಿನ ನನ್ನ ತಾಯಿ ಒಂದು ಮಾತನ್ನೂ ಆಡದೆ ಟ್ರಂಕಿನಲ್ಲಿ ನನ್ನ ಬಟ್ಟೆಗಳನ್ನು ಮಡಿಸಿಟ್ಟರು. ಜನ ಅವರನ್ನು ಭಾಗ್ಯವಂತೆ ಎಂದರು. ಅವರಿಗೆ ಏನನ್ನಿಸಿತೆಂದು ಯಾರೂ ಕೇಳಲಿಲ್ಲ. ಗುರುವಿನ ಮಹಿಮೆಯನ್ನು ಹಾಡಲು ಬಂದ ನೀಲಗಾರರು ತಾಯಿಯ ಪ್ರಶ್ನೆಗಳಿಗೆ ಗಂಟೆಗಟ್ಟಲೆ ಜಾಗ ಕೊಡುತ್ತಾರಲ್ಲ, ಆ ಔದಾರ್ಯ ನನಗೆ ದೊಡ್ಡದಾಗಿ ಕಾಣುತ್ತದೆ. ದೇವರಿಗೆ ಮಗನನ್ನು ಕೊಟ್ಟ ಮನೆಗಳು ನಮ್ಮಲ್ಲಿಯೂ ಇವೆ. ಆ ತಾಯಂದಿರ ಮಾತನ್ನು ಕೇಳಿಸಿಕೊಳ್ಳಲು ನಾವೆಷ್ಟು ಹೊತ್ತು ಕುಳಿತಿದ್ದೇವೆ?

ಮೆಚ್ಚಿದವನು ಕೊರತೆಯನ್ನೂ ಹೇಳಬೇಕು. ಧ್ವನಿವರ್ಧಕದ ಅಬ್ಬರದಲ್ಲಿ ಗಗ್ಗರದ ನವಿರಾದ ಸದ್ದು ಮುಳುಗಿಹೋಯಿತು. ನಡುರಾತ್ರಿ ತೂಕಡಿಸುತ್ತಿದ್ದ ಹುಡುಗರನ್ನು ಎಬ್ಬಿಸಲು ತಂದ ಸಿನಿಮಾ ಧಾಟಿ ಕತೆಗೆ ಒಗ್ಗಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸಿದ್ಧಪ್ಪಾಜಿ ಹಲಗೂರಿಗೆ ಹೋಗಿ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡುವ ಭಾಗ ಅವಸರವಾಯಿತು. ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುವ ಆ ಭಾಗಕ್ಕೆ ನಿಧಾನವೇ ಜೀವ. ಆದರೆ ಇದರಲ್ಲಿ ಮೇಳದವರದ್ದಷ್ಟೇ ತಪ್ಪಿಲ್ಲ. ಮೂರು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಉಳಿದವರು ಮೂವತ್ತು ಮಂದಿಯೂ ಇರಲಿಲ್ಲ. ಅಳುವವರನ್ನು ಕಂಡು ಹಾಡನ್ನು ಬೆಳೆಸಿದ ಗಾಯಕರು ಎದ್ದು ಹೋಗುವವರನ್ನು ಕಂಡು ಅದನ್ನು ಮೊಟಕುಗೊಳಿಸಿದರು. ಕಿವಿ ಕೊಟ್ಟಷ್ಟು ಹಾಡು ಸಿಗುತ್ತದೆ.

ಆದ್ದರಿಂದ ಪ್ರಿಯ ಓದುಗರೇ, ನಿಮ್ಮೂರಿನ ಬದಿಯಲ್ಲಿ ತಂಬೂರಿಯ ಸದ್ದು ಕೇಳಿದರೆ ಒಮ್ಮೆ ಹೋಗಿ ಕುಳಿತುಕೊಳ್ಳಿ. ಸಮಾರಂಭಕ್ಕೆ ಕರೆಯುವುದಾದರೆ ಇಪ್ಪತ್ತು ನಿಮಿಷಕ್ಕೆಂದು ಕರೆಯಬೇಡಿ. ಒಂದು ಸಾಲಾದರೂ ಮುಗಿಯಲಿ. ಅವರ ಊಟವನ್ನೂ ಸಂಭಾವನೆಯನ್ನೂ ಮೊದಲೇ ಗೊತ್ತುಮಾಡಿ, ಗೌರವದಿಂದ ಕೊಡಿ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ಮಕ್ಕಳನ್ನು ತಡೆಯಬೇಡಿ. ಊರು, ದಿನ, ಹಾಡಿದ ಸಾಲು, ಹಾಡಿದವರ ಹೆಸರು ಈ ನಾಲ್ಕನ್ನೂ ಅದರೊಂದಿಗೆ ಬರೆದಿಡುವಂತೆ ಹೇಳಿ. ಆ ರಾತ್ರಿ ಮೊಬೈಲ್ ಹಿಡಿದಿದ್ದ ಯುವಕನೊಬ್ಬನಿಗೆ ನಾನು ಹೇಳಿದ್ದೂ ಇಷ್ಟೇ. ಅವನು ತಕ್ಷಣ ಎದ್ದು ಹೋಗಿ, ಚಹಾ ಕುಡಿಯುತ್ತಿದ್ದ ನಾಲ್ವರ ಹೆಸರನ್ನೂ ಕೇಳಿ ಬರೆದುಕೊಂಡ.