ಹೂವಿನ ಲೆಕ್ಕ

ಮದುವೆಯೆಂದರೆ ಕೆಲವರಿಗೆ ಊಟ, ಕೆಲವರಿಗೆ ಒಡವೆ, ಇನ್ನು ಕೆಲವರಿಗೆ ವಾಲಗ. ಹೂವನ್ನು ಮಾತ್ರ ಎಲ್ಲರೂ ಕೊನೆಗೇ ನೆನೆಯುತ್ತಾರೆ. ಆರು ತಿಂಗಳ ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟ ಜಾಣರು, ಆರು ದಿನ ಉಳಿದಿರುವಾಗ ಹೂವಿಗಾಗಿ ಓಡಾಡುವುದನ್ನು ಯಾರು ಕಂಡಿಲ್ಲ? ಆದರೂ ಮದುವೆಯ ಮನೆಗೆ ಕಾಲಿಟ್ಟವರನ್ನು ಮೊದಲು ಎದುರುಗೊಳ್ಳುವುದು ಹೂವಿನ ಪರಿಮಳವೇ. ಮನೆಯವರ ನಮಸ್ಕಾರ ಆಮೇಲೆ.

ನಾವು ಸರಕಾರಿ ಕಚೇರಿಯ ಗುಮಾಸ್ತರು. ಪಟ್ಟಿ, ರಸೀದಿ, ಕೂಡಿಸುವುದು, ಕಳೆಯುವುದು ಇವೇ ನಮ್ಮ ದಿನದ ಪಾರಾಯಣ. ಬಿ.ಎ. ಓದಿದ್ದು ಇದಕ್ಕೇ ಏನೋ! ಆದ್ದರಿಂದ ಅಕ್ಕನ ಮಗಳ ಮದುವೆ ಮುಂಬಯಿಯಲ್ಲೇ, ವೈಶಾಖದಲ್ಲಿ ಎಂದು ನಿಶ್ಚಯವಾದಾಗ, "ಲೆಕ್ಕ ಬಲ್ಲವನು" ಎಂದು ಹೂವಿನ ಹೊರೆಯನ್ನು ಎಲ್ಲರೂ ಸೇರಿ ನಮ್ಮ ತಲೆಗೆ ಕಟ್ಟಿದರು. ಭಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹಾಗಾಗಿ ಇದು ನಮಗೆ ಬರಿಯ ಹೊರೆಯಲ್ಲ, ಕರ್ತವ್ಯವೂ ಆಗಿತ್ತು.

ಮುಂಬಯಿಯಲ್ಲಿ ಹೂವಿಗೆ ಬರವಿಲ್ಲ. ದಾದರಿನ ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮೊದಲೇ ಚೆಂಡುಹೂವಿನ ಗುಡ್ಡೆಗಳೇಳುತ್ತವೆ. ಆದರೆ ನಮ್ಮ ಕಡೆಯ ಕಟ್ಟು ಬೇಕೆಂದರೆ ಮಾಟುಂಗಕ್ಕೇ ಹೋಗಬೇಕು. ಅಲ್ಲಿ ಹೂ ಕಟ್ಟುವ ಹಿರಿಯರೊಬ್ಬರನ್ನು ಕಂಡೆವು. ಉಡುಪಿ ಕಡೆಯವರು. ಗಂಡಿನ ಮನೆಯವರು ಮೊಬೈಲಿಗೆ ಕಳಿಸಿದ್ದ ಚಿತ್ರವನ್ನು ಅವರ ಮುಂದೆ ಹಿಡಿದೆವು. ಗೋಡೆಯೆತ್ತರದ ಆರ್ಕಿಡ್ ಹೂಗಳು, ನಡುವೆ ಎರಡು ಕುರ್ಚಿ. ಮುದುಕರು ಕನ್ನಡಕ ಏರಿಸಿ ನೋಡಿ, "ಹೂವು ಚಿತ್ರಕ್ಕೋ, ಹುಡುಗಿಗೋ?" ಎಂದರು. ನಾವು ಉತ್ತರ ಹೊಳೆಯದೆ ಬೆಂಚಿನ ಮೇಲೆ ಕುಳಿತೆವು.

ಅವರು ಮೊದಲು ಕೇಳಿದ್ದು ಹಣದ ವಿಷಯವಲ್ಲ, ಗಡಿಯಾರದ ವಿಷಯ. ಮುಹೂರ್ತ ಎಷ್ಟು ಗಂಟೆಗೆ? ಆರತಕ್ಷತೆ ಯಾವಾಗ? ಮಲ್ಲಿಗೆಯ ಮೊಗ್ಗು ಬೆಳಗ್ಗೆ ಮುತ್ತಿನಂತಿದ್ದರೂ ಹೆಚ್ಚು ಪರಿಮಳ ಕೊಡದು. ಸಂಜೆ ಅರಳಿದಾಗಲೇ ಅದು ಮನಬಿಚ್ಚಿ ಮಾತಾಡುವುದು. ಆದ್ದರಿಂದ ಬೆಳಗಿನ ಮಾಲೆಗೆ ಅವರು ಮರುಗವನ್ನೂ ತುಳಸಿಯನ್ನೂ ಸೇರಿಸುತ್ತಾರೆ. ಎಲೆಯಲ್ಲೇ ಸುವಾಸನೆಯಿರುವ ಇವು ಹೊತ್ತಿಗಾಗಿ ಕಾಯುವುದಿಲ್ಲ. ದೂರದಿಂದ ಬಂದ ಮೊಗ್ಗನ್ನು ತಂಪಿನಲ್ಲಿಟ್ಟು ಅರಳುವುದನ್ನು ತುಸು ತಡೆಯುತ್ತಾರೆ. ಕನಕಾಂಬರಕ್ಕೆ ಬಣ್ಣವುಂಟು, ವಾಸನೆಯಿಲ್ಲ. ಮಲ್ಲಿಗೆಗೆ ವಾಸನೆಯುಂಟು, ಬಣ್ಣವಿಲ್ಲ. "ಇವೆರಡನ್ನೂ ಒಂದೇ ನಾರಿನಲ್ಲಿ ಕಟ್ಟುವುದೇ ನಿಜವಾದ ಮದುವೆ" ಎಂದು ನಕ್ಕರು.

ಎರಡನೆಯದಾಗಿ ಹುಡುಗಿಯ ಎತ್ತರ ಕೇಳಿದರು. ಮೊಣಕಾಲಿನ ಕೆಳಗಿಳಿದ ಮಾಲೆ ಸಪ್ತಪದಿಯಲ್ಲಿ ಕಾಲಿಗೆ ತೊಡರುತ್ತದೆ. ಹೋಮದ ಬಿಸಿಗೆ ಗುಲಾಬಿಯ ಎಸಳು ಬೇಗ ಬಾಡುತ್ತದೆ, ಸುಗಂಧರಾಜ ತಡೆಯುತ್ತದೆ. ನಾವೆಲ್ಲ ನಮ್ಮದೆಂದೇ ತಿಳಿದಿರುವ ಈ ಸುಗಂಧರಾಜವೂ ಚೆಂಡುಹೂವೂ ದೂರದ ಮೆಕ್ಸಿಕೋ ದೇಶದಿಂದ ಬಂದವು! ಮದುವೆಯ ಮನೆಗೆ ಬಂದ ಸೊಸೆಯಂತೆ ಇವು ಎಂದೋ ಮನೆಯವೇ ಆಗಿಬಿಟ್ಟಿವೆ.

ಈ ವಿದ್ಯೆಯನ್ನು ಎಲ್ಲಿ ಕಲಿತಿರೆಂದು ಕೇಳಿದೆವು. ಅವರ ತಂದೆ ದೇವಸ್ಥಾನಕ್ಕೆ ಹೂ ಕಟ್ಟುತ್ತಿದ್ದರಂತೆ. ಅಲಂಕಾರ ಎಷ್ಟೇ ದೊಡ್ಡದಾದರೂ ದೇವರ ಮುಖ ಮುಚ್ಚಬಾರದು ಎಂಬುದೇ ಮೊದಲ ಪಾಠ. ಮದುಮಗಳಿಗೂ ಅದೇ ನಿಯಮ. ಮಂಟಪದ ಕಂಬಗಳಿಗೆ ಹಿಂಗಾರದ ಗೊನೆ ತೂಗುಬಿಟ್ಟರೆ ಸಾಕು, ಕರಾವಳಿಯೇ ಬಂದು ನಿಂತಂತಾಗುತ್ತದೆ ಎಂದರು. ಹೂ ಚುಚ್ಚಲು ಈಗ ಹಸಿರು ಫೋಮಿನ ಇಟ್ಟಿಗೆ ಬಂದಿದೆ. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ವಸ್ತು ಮಣ್ಣಿಗೆ ಬಿದ್ದರೂ ಕೊಳೆಯದ ಪ್ಲಾಸ್ಟಿಕ್. ಮುದುಕರದು ಬಾಳೆದಿಂಡು. ಅದರಲ್ಲಿ ನೀರೂ ಉಂಟು, ತಂಪೂ ಉಂಟು, ಮರುದಿನ ಹಸುವಿಗೂ ಆಗುತ್ತದೆ.

ಇನ್ನು ಮಲ್ಲಿಗೆಯ ಲೆಕ್ಕ. ಉಡುಪಿಯ ಶಂಕರಪುರದ ಮಲ್ಲಿಗೆಯನ್ನು ಅಳೆಯುವುದು ಮೊಳದಲ್ಲಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಡುಪಿ, ಮೈಸೂರು, ಹಡಗಲಿ ಈ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ನಾವು ಎರಡು ಅಟ್ಟೆ ಹೇಳಿದೆವು, ಅಂದರೆ 6,400 ಹೂ. ಗುಮಾಸ್ತನ ಬೆರಳು ಬಿಲ್ಲಿನ ಮೊತ್ತ ಕಾಣುವ ಮೊದಲೇ ನಡುಗಿತು! ಆರ್ಕಿಡ್ ಗೋಡೆಯನ್ನು ಬಿಟ್ಟದ್ದರಿಂದಲೇ ಅದು ನಮ್ಮ ಕೈಗೆ ನಿಲುಕಿತು. ಗಂಡಿನ ಮನೆಯವರೂ ಹಿಂಗಾರದ ಮಾತು ಕೇಳಿ ಸಂತೋಷದಿಂದಲೇ ಒಪ್ಪಿದರು.

ಕೊನೆಗೆ ಮುದುಕರು ಪೆನ್ಸಿಲು ತೆಗೆದು, "ನಿಮ್ಮ ಕಡೆ ಮುಡಿಯುವವರು ಎಷ್ಟು ಮಂದಿ?" ಎಂದರು. "ಇಪ್ಪತ್ತೆರಡು" ಎಂದೆವು. ಜೊತೆಗೆ ಬಂದಿದ್ದ ದೊಡ್ಡಮ್ಮ ತಡೆದರು. "ಇಪ್ಪತ್ತೊಂದಲ್ಲವೇನೋ?" ಎಂದು ಮೆಲ್ಲಗೆ ಕೇಳಿದರು. ಅವರು ಕಳೆದ ಆ ಒಬ್ಬಳು ಯಾರೆಂದು ವಾಚಕರಿಗೆ ಹೇಳಬೇಕಾಗಿಲ್ಲ. ದೊಡ್ಡಮ್ಮ ಕೆಟ್ಟವರಲ್ಲ, ಅಕ್ಕನ ಕಷ್ಟದಲ್ಲಿ ಹಗಲಿರುಳು ನಿಂತವರು. ಆದರೆ ಗಂಡ ಸತ್ತವಳಿಗೆ ಹೂವಿಲ್ಲವೆಂಬುದು ಅವರು ಹುಟ್ಟುವ ಮೊದಲೇ ಬರೆದಿಟ್ಟ ಲೆಕ್ಕ. ನಾವು ಮತ್ತೊಮ್ಮೆ, "ಇಪ್ಪತ್ತೆರಡೇ" ಎಂದೆವು. ಮುದುಕರು ಯಾರ ಮುಖವನ್ನೂ ನೋಡಲಿಲ್ಲ. 22 ಎಂದು ಬರೆದುಕೊಂಡರು.

ಮದುವೆಯ ಬೆಳಗ್ಗೆ ಮೊಗ್ಗಿನ ಜಡೆ ಹೆಣೆಸಿಕೊಳ್ಳಲು ಕೂರುವ ಮೊದಲು ಹುಡುಗಿ ತಟ್ಟೆಯಿಂದ ಒಂದು ತುಂಡು ಎತ್ತಿ, ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ತಾನೇ ಮುಡಿಸಿದಳು. ಅಕ್ಕನ ಕೈ ಒಮ್ಮೆ ತಲೆಯ ಕಡೆಗೆ ಹೋಯಿತು, ತೆಗೆಯುವುದಕ್ಕೋ ಮುಟ್ಟಿ ನೋಡುವುದಕ್ಕೋ ತಿಳಿಯಲಿಲ್ಲ. ಆ ಕೈಯನ್ನು ಮಗಳು ಹಿಡಿದುಕೊಂಡಳು. ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ನಿಂತರು. ಸಂಜೆ ಆರತಕ್ಷತೆಯ ಗದ್ದಲದಲ್ಲಿ ಅವರೇ ಅಕ್ಕನ ಹಿಂದೆ ಬಂದು, ಜಾರುತ್ತಿದ್ದ ಹೂವಿಗೆ ತಮ್ಮದೇ ಪಿನ್ನು ಸಿಕ್ಕಿಸಿ, "ಚೆನ್ನಾಗಿ ಅರಳಿದೆ" ಎಂದಷ್ಟೇ ಹೇಳಿ ಹೋದರು.

ಮನೆಯಲ್ಲಿ ಮದುವೆ ನಿಶ್ಚಯವಾಗಿರುವ ಬಂಧುಗಳೇ, ಹೂವಿನವರ ಬಳಿ ತುಸು ಮುಂಚೆಯೇ ಹೋಗಿರಿ. ಮುಹೂರ್ತದ ಹೊತ್ತು ಹೇಳಿರಿ, ಮದುಮಗಳ ಎತ್ತರ ಹೇಳಿರಿ. ಮುಡಿಯುವವರೆಷ್ಟು ಮಂದಿ ಎಂದು ಅವರು ಕೇಳಿದಾಗ ಮನೆಯ ಹೆಂಗಸರನ್ನೆಲ್ಲ ಒಬ್ಬರನ್ನೂ ಬಿಡದೆ ಎಣಿಸಿರಿ. ಇದಕ್ಕೆ ತಗಲುವ ಖರ್ಚು ಒಂದು ತುಂಡು ಮಲ್ಲಿಗೆ.